ಹನ್ನೊಂದರಲ್ಲಿ ಏಳನೆಯದು

ಕಲ್ಯಾಣ ಪೂರ್ವ
24-8-2025, ಭಾನುವಾರ

ಅನಘಳ ಅಪ್ಪನಿಗೆ,

ನಮಸ್ಕಾರ. ಹದಿನೇಳು ವರ್ಷ ಒಂದೇ ಮನೆಯಲ್ಲಿದ್ದಾಗಲೂ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ. ಈಗ ಕಾಗದದ ಮೇಲೆ ‘ಪುಂಡರೀಕಾಕ್ಷರೇ’ ಎಂದು ಬರೆದು ನೋಡಿದೆ. ಯಾವುದೋ ಬ್ಯಾಂಕಿನ ಮ್ಯಾನೇಜರರಿಗೆ ಅರ್ಜಿ ಹಾಕಿದ ಹಾಗೆ ಕಂಡಿತು, ಹೊಡೆದು ಹಾಕಿದೆ. ‘ಪ್ರಿಯ’ ಎಂಬ ಶಬ್ದಕ್ಕೆ ಕೈ ಏಳಲಿಲ್ಲ. ಹಾಗಾಗಿ ನಮ್ಮಿಬ್ಬರ ನಡುವೆ ಇನ್ನೂ ಉಳಿದಿರುವ ಒಂದೇ ಸಂಬಂಧವನ್ನು ಹಿಡಿದು ಕರೆದಿದ್ದೇನೆ.

ಹೋದ ಶನಿವಾರ ಅನಘ ಠಾಣೆಯ ಸ್ಟುಡಿಯೋಗೆ ಬಂದಿದ್ದಳು. ನೀವೇ ಕಳುಹಿಸಿದ್ದು. ಬಾಗಿಲಲ್ಲೇ ನಿಂತು, ನನ್ನ ಮುಖ ನೋಡದೆ, “ಪಪ್ಪಾನೇ ಬೋಲಾ ಹೈ, ಆಜಿ ಕಾ ಏಕ್ ಅಚ್ಛಾ ಫೋಟೋ ಚಾಹಿಯೇ, ಬಡಾ ವಾಲಾ” ಎಂದಳು. ಒಳಗೆ ಬಾ ಮಗಾ, ಕೂತುಕೋ ಎಂದೆ. ಕನ್ನಡ ಅರ್ಥವಾಗುತ್ತದೆ ಅವಳಿಗೆ. ಉತ್ತರ ಮಾತ್ರ ಹಿಂದಿಯಲ್ಲೇ. ಆಜಿಯ, ಅಂದರೆ ನಿಮ್ಮ ಅಮ್ಮನ, ವರ್ಷಾಂತ ಬರುವ ತಿಂಗಳು, ಐರೋಲಿಯ ಹೊಸ ಮನೆಯಲ್ಲಿ ಇಡಲು ಒಂದು ಸರಿಯಾದ ಫೋಟೋ ಇಲ್ಲ, ಇರುವುದೆಲ್ಲ ಗುಂಪಿನ ಫೋಟೋ, ಅದರಲ್ಲಿ ಅವರ ಕಣ್ಣು ಮುಚ್ಚಿರುತ್ತದೆ, ಹಳೆಯ ಯಾವುದಾದರೂ ಮದುವೆ ವಿಡಿಯೋದಿಂದ ಒಂದು ಮುಖ ತೆಗೆದುಕೊಡಲು ಆಗುತ್ತದೆಯೇ ಎಂದು ನೀವು ಕೇಳಿದಿರಂತೆ.

ಕೇಳಲು ನಿಮಗೆ ಬಾಯಿ ಬಂತಲ್ಲ ಎಂದು ಮೊದಲು ಅನಿಸಿತು. ಆಮೇಲೆ, ಕೇಳಿದ್ದೇ ಒಳ್ಳೆಯದಾಯಿತು ಎಂದುಕೊಂಡೆ. ನೀವು ಕೇಳಿದ ಫೋಟೋವನ್ನು ಈ ಪತ್ರದ ಜೊತೆ ಕಳುಹಿಸುತ್ತಿದ್ದೇನೆ. ಆದರೆ ಪತ್ರ ಓದಿ ಮುಗಿಸಿದ ಮೇಲೆ ಅದರ ಲಕೋಟೆ ತೆರೆಯಿರಿ. ಇದೊಂದು ಮಾತು ನಡೆಸಿಕೊಡಿ.

ನಾನು ಮಾಡುವ ಕೆಲಸ ಏನೆಂದು ನಿಮಗೆ ಸರಿಯಾಗಿ ಗೊತ್ತಿರಲಿಕ್ಕಿಲ್ಲ. ಕಾಪುವಿನ ಮುರಾರಿಯವರು ಠಾಣೆಯ ನೌಪಾಡಾದಲ್ಲಿ ಸ್ಟುಡಿಯೋ ಇಟ್ಟು ಮೂವತ್ತು ವರ್ಷವಾಯಿತು. ಈಗ ಫೋಟೋ ತೆಗೆಸಿಕೊಳ್ಳಲು ಸ್ಟುಡಿಯೋಗೆ ಬರುವವರು ಯಾರು? ಬರುವವರೆಲ್ಲ ಹಳೆಯ ವಿಡಿಯೋ ಹಿಡಿದುಕೊಂಡು ಬರುತ್ತಾರೆ. 2005ರ ಇಪ್ಪತ್ತಾರು ಜುಲೈಯ ಆ ಮಳೆಯಲ್ಲಿ ಡೊಂಬಿವಲಿ, ಕಲ್ಯಾಣದ ನೆಲಮಹಡಿಯವರ ಆಲ್ಬಮ್ಮುಗಳೆಲ್ಲ ಕೆಸರಾಗಿ ಹೋದವಲ್ಲ, ಅವರ ಮದುವೆಯ ಕ್ಯಾಸೆಟ್ಟು ಯಾವುದೋ ಅತ್ತೆಯ ಮನೆಯ ಅಟ್ಟದಲ್ಲಿ ಉಳಿದಿರುತ್ತದೆ. ಅದನ್ನು ಕಂಪ್ಯೂಟರಿಗೆ ಹಾಕಿಸಿ, ಅದರೊಳಗಿಂದ ಒಂದೊಂದೇ ಚಿತ್ರ ಹಿಡಿದು ಹೊಸ ಆಲ್ಬಮ್ ಮಾಡಿಕೊಡುತ್ತೇವೆ. ಮನೆಯಲ್ಲಿ ಯಾರಾದರೂ ತೀರಿಕೊಂಡಾಗಲೂ ಬರುತ್ತಾರೆ. ಯಾರದೋ ಉಪನಯನದ ವಿಡಿಯೋದಲ್ಲಿ ಅವರ ತಂದೆ ಪಾಯಸ ಬಡಿಸುತ್ತಾ ನಾಲ್ಕು ಸೆಕೆಂಡು ಹಾದುಹೋಗಿರುತ್ತಾರೆ. ಆ ನಾಲ್ಕು ಸೆಕೆಂಡಿನಲ್ಲಿ ನೂರು ಫ್ರೇಮು. ನೂರರಲ್ಲಿ ಗೋಡೆಗೆ ಹಾಕುವಂಥದ್ದು ಒಂದು ಸಿಕ್ಕಿದರೆ ಪುಣ್ಯ.

ಕೆಲಸಕ್ಕೆ ಸೇರಿದ ಮೊದಲ ವಾರ ನಾನು ತೆಗೆದ ಚಿತ್ರಗಳನ್ನು ನೋಡಿ ಮುರಾರಿಯವರು ತಲೆ ಚಚ್ಚಿಕೊಂಡಿದ್ದರು. “ಪ್ರಿಯಕ್ಕಾ, ಎಂಥ ಇದು? ಮದುಮಗಳು ಅತ್ತೆಯನ್ನು ತಿಂದುಬಿಡುವ ಹಾಗೆ ನೋಡ್ತಾ ಇದ್ದಾಳಲ್ಲ!” ಎಂದರು. ವಿಡಿಯೋ ಓಡಿಸಿ ನೋಡಿದರೆ ಪಾಪದ ಹುಡುಗಿ ಹೋಮದ ಹೊಗೆಗೆ ಸೀನಲು ಹೊರಟಿದ್ದಳು. “ಅವಸರ ಮಾಡ್ಬೇಡಿ. ಹಿಂದಿನದು ಮುಂದಿನದು ನೋಡಿಕೊಂಡು ಹಿಡೀರಿ” ಎಂದು ಹೇಳಿಕೊಟ್ಟರು. ಒಂದು ಕೀಲಿ ಒತ್ತಿದರೆ ವಿಡಿಯೋ ನಿಲ್ಲುತ್ತದೆ. ಇನ್ನೊಂದು ಒತ್ತಿದರೆ ಒಂದೊಂದೇ ಫ್ರೇಮು ಮುಂದೆ ಸರಿಯುತ್ತದೆ. ಬೇಕಾದದ್ದು ದಾಟಿಹೋದರೆ ಹಿಂದಿನಿಂದ ಮತ್ತೆ ಬರಬೇಕು. ಕೈಕಾಲು ಆಡಿಸುತ್ತಿರುವ ಮನುಷ್ಯನಾದರೆ ಬಹಳ ಫ್ರೇಮುಗಳಲ್ಲಿ ಕೈ ಹೊಗೆಯ ಹಾಗೆ ಮಸುಕಾಗಿರುತ್ತದೆ. ಸ್ಪಷ್ಟವಾದ ಒಂದನ್ನು ಹುಡುಕಿ ಹಿಡಿಯಬೇಕು. ಹುಡುಕದೆ ಸಿಕ್ಕುವುದಿಲ್ಲ.

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದಾಳೆ ಎಂದು ಈಗಾಗಲೇ ನಿಮಗೆ ಹೊಳೆದಿರಬೇಕು. ಹೊಳೆದಿದ್ದರೂ ಓದಿ.

2022ರ ಮಾರ್ಚ್ ಹದಿನಾಲ್ಕು, ಸೋಮವಾರ. ಅಮ್ಮನಿಗೆ ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ನಾನು ಕೆಲಸ ಬಿಟ್ಟು ಮನೆಯಲ್ಲಿದ್ದೆ. ರಬಾಳೆಯ ಆಫೀಸಿನಲ್ಲಿ ಕೂತು ಅಮ್ಮನನ್ನು ನೋಡಿಕೊಳ್ಳಲೆಂದು ಹಾಲ್‌ನ ಬಾಗಿಲ ಮೇಲೆ ನೀವು ಕ್ಯಾಮೆರಾ ಹಾಕಿಸಿದ್ದಿರಿ. ಬೆಳಿಗ್ಗೆ ಚಂದ್ರಬಾಯಿ ಪಾತ್ರೆ ತಿಕ್ಕಿ ಹೋಗಿದ್ದಳು. ಅನಘ ಹತ್ತನೆಯ ಪರೀಕ್ಷೆಗೆ ಓದಲೆಂದು ಗೆಳತಿಯ ಮನೆಗೆ ಹೋಗಿದ್ದಳು. ನಾನು ಒಗ್ಗರಣೆಗೆ ಇಟ್ಟು ಹೊರಗೆ ಬಂದು ನೋಡಿದರೆ ಅಮ್ಮ ಕುರ್ಚಿಯಲ್ಲಿ ಕೂತು ಏನೋ ಚೀಪುತ್ತಿದ್ದರು. ಪಕ್ಕದಲ್ಲಿ ಬೀರುವಿನ ಸೀರೆಗಳೆಲ್ಲ ನೆಲದ ಮೇಲೆ. ಬಾಯಿಂದ ಡಾಂಬರು ಗುಳಿಗೆಯ ವಾಸನೆ. ಸೀರೆಗಳ ನಡುವೆ ಇಡುವ ಆ ಬಿಳಿ ಗುಳಿಗೆಯನ್ನು ಪೆಪ್ಪರಮಿಂಟು ಅಂದುಕೊಂಡು ಬಾಯಿಗೆ ಹಾಕಿಕೊಂಡಿದ್ದರು. ಉಗುಳಿ ಅಮ್ಮಾ, ಉಗುಳಿ ಎಂದು ಕೂಗಿದೆ. ನನ್ನ ಕೂಗಿಗೆ ಹೆದರಿ ಅವರು ನುಂಗಲು ಹೋದರು, ಗಂಟಲಲ್ಲಿ ಸಿಕ್ಕಿಕೊಂಡಿತು, ಕಣ್ಣು ಮೇಲೆ ಹೋಯಿತು. ಎಡಗೈಯಲ್ಲಿ ಗದ್ದ ಹಿಡಿದು ಬಾಯಿ ಬಿಡಿಸಿ, ಬಲಗೈ ಎತ್ತಿ ಬೆನ್ನಿಗೆ ಗುದ್ದಿದೆ. ಎರಡನೆಯ ಗುದ್ದಿಗೆ ಗುಳಿಗೆ ಹೊರಗೆ ಬಿತ್ತು. ನಾನು ನೆಲದ ಮೇಲೆ ಕುಸಿದು ಕೂತು ಅತ್ತೆ. ಒಲೆಯ ಮೇಲೆ ಒಗ್ಗರಣೆ ಸೀದು ಮನೆಯೆಲ್ಲ ಹೊಗೆ.

ಸಂಜೆ ನೀವು ಬಂದಾಗ ಇದನ್ನೆಲ್ಲ ಹೇಳಿದೆ. ಮುಂದೆ ಗುಳಿಗೆ ಇಡಬೇಡ ಎಂದಿರಿ, ಅಷ್ಟೇ. ಆಮೇಲೆ ಕಂಪ್ಯೂಟರಿನ ಮುಂದೆ ಕೂತಿರಿ.

ಎಂಟೂವರೆಗೆ ಊಟಕ್ಕೆ ಬಡಿಸುತ್ತಿದ್ದಾಗ ನನ್ನ ಫೋನು ಒಂದೇ ಸಮನೆ ಗುಂಯ್‌ಗುಟ್ಟತೊಡಗಿತು. ಅರವತ್ತಮೂರು ಜನ ಇರುವ ನಿಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ಅಕ್ಕ ಪ್ರಭಕ್ಕ ಒಂದು ಫೋಟೋ ಹಾಕಿದ್ದರು. ಅದರಲ್ಲಿ ನಾನು ಹಲ್ಲು ಕಚ್ಚಿಕೊಂಡು, ಅಮ್ಮನ ಗದ್ದ ಹಿಡಿದು, ಹೊಡೆಯಲು ಕೈ ಎತ್ತಿದ್ದೆ. ಅಮ್ಮನ ಬಾಯಿ ತೆರೆದಿತ್ತು, ಕಣ್ಣು ಗುಡ್ಡೆ ಹೊರಗೆ ಬಂದಿತ್ತು. ಕೆಳಗೆ ಪ್ರಭಕ್ಕ, ‘ನಮ್ಮ ತಾಯಿಯ ಗತಿ ನೋಡಿ’ ಎಂದು ಬರೆದಿದ್ದರು. ನೋಡಿದರು, ಎಲ್ಲರೂ ನೋಡಿದರು. ಉಡುಪಿಯಲ್ಲಿ, ಪುಣೆಯಲ್ಲಿ, ದುಬೈಯಲ್ಲಿ ನೋಡಿದರು. ಮಗ್ಗುಲ ಕೋಣೆಯಲ್ಲಿ ಅನಘ ನೋಡಿದಳು. ಫೋನು ಹಿಡಿದು ಬಂದು, “ಮಮ್ಮಾ, ಹೇ ಕಾಯ್ ಆಹೇ?” ಏನಿದು ಎಂದು ಕೇಳಿದಳು. ಹೇಳಿ ಎಂದು ನಾನು ನಿಮ್ಮ ಮುಖ ನೋಡಿದೆ. ಸಂಜೆಯಷ್ಟೇ ನಿಮಗೆ ಎಲ್ಲ ಹೇಳಿದ್ದೆನಲ್ಲ. ನೀವು ಅನ್ನ ಕಲಸುತ್ತಾ, “ಫೋಟೋದಲ್ಲಿ ಕಾಣುವುದನ್ನು ಇಲ್ಲ ಅನ್ನಲಿಕ್ಕೆ ಆಗ್ತದಾ?” ಎಂದಿರಿ.

ವಿಡಿಯೋ ಹಾಕಿ ತೋರಿಸಿ ಎಂದು ಕೇಳಿದೆ. ಕ್ಯಾಮೆರಾದ ದೃಶ್ಯವನ್ನು ತಮ್ಮ ಮೊಬೈಲಿನಲ್ಲಿ ಪ್ರಭಕ್ಕ ನೋಡುವಾಗ ಹಿಡಿದುಕೊಂಡದ್ದು ಅದು, ಪೂರ್ತಿ ವಿಡಿಯೋ ಉಳಿಯುವುದಿಲ್ಲ, ತನ್ನಷ್ಟಕ್ಕೆ ಅಳಿಸಿಹೋಗುತ್ತದೆ ಎಂದಿರಿ. ನಂಬಿದೆ. ಕಂಪ್ಯೂಟರಿನ ವಿಷಯದಲ್ಲಿ ನೀವು ಹೇಳಿದ್ದನ್ನು ನಂಬದೆ ಇರಲು ನನಗೇನು ಗೊತ್ತಿತ್ತು ಆಗ?

ಅಮ್ಮನ ಹತ್ತಿರ ನೀನು ಇರುವುದು ಬೇಡ, ಸ್ವಲ್ಪ ದಿನ ಎಲ್ಲಿಗಾದರೂ ಹೋಗಿರು ಎಂದು ನಾಲ್ಕನೆಯ ದಿನ ಹೇಳಿದಿರಿ. ಅನಘ ನನ್ನ ಕೈಯಿಂದ ಒಂದು ಲೋಟ ಹಾಲು ಕೂಡ ತೆಗೆದುಕೊಳ್ಳುತ್ತಿರಲಿಲ್ಲ. ಉಡುಪಿಗೆ ಫೋನು ಮಾಡಿದರೆ ನನ್ನ ಸ್ವಂತ ಅಣ್ಣ, ಈಗ ಬರುವುದು ಬೇಡ, ಮನೆಯಲ್ಲಿ ಅತ್ತೆ ಇದ್ದಾರೆ ಎಂದ. ಅವನ ಅತ್ತೆಗೆ ನಾನೆಲ್ಲಿ ಹೊಡೆದುಬಿಡುತ್ತೇನೋ ಎಂದು ಅವನಿಗೆ ಭಯ. ನಂಬದೆ ಇದ್ದವಳು ಚಂದ್ರಬಾಯಿ ಒಬ್ಬಳೇ. “ಫೋಟೋ ಬಘೂನ್ ಕಾಯ್ ಕಳತಂ, ತಾಯಿ?” ಫೋಟೋ ನೋಡಿದರೆ ಏನು ತಿಳಿಯುತ್ತದೆ ಎಂದವಳು, ಇಲ್ಲಿ ಕಲ್ಯಾಣದಲ್ಲಿ ತಾನಿರುವ ಚಾಳಿನಲ್ಲೇ ನನಗೊಂದು ಖೋಲಿ ಹುಡುಕಿಕೊಟ್ಟಳು. ಆ ಖೋಲಿಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ.

ಏಪ್ರಿಲಿನಲ್ಲಿ ನೀವು ಅಮ್ಮನನ್ನು ಅಂಬರನಾಥದ ವೃದ್ಧಾಶ್ರಮಕ್ಕೆ ಸೇರಿಸಿದಿರಿ. ಪಾಪ, ಅವನಾದರೂ ಏನು ಮಾಡಿಯಾನು, ಹೊಡೆಯುವ ಹೆಂಡತಿ ಸಿಕ್ಕಿದಳು, ದುಡಿಯುವ ಗಂಡಸು ತಾಯಿಯನ್ನು ಹೇಗೆ ನೋಡಿಕೊಳ್ಳುತ್ತಾನೆ ಎಂದು ಎಲ್ಲರೂ ಮರುಗಿದರಂತೆ. ಪ್ರಭಕ್ಕ ಕೂಡ. ಅದೇ ಪ್ರಭಕ್ಕ ಜನವರಿಯಲ್ಲಿ, ನೀವು ಆಶ್ರಮದ ಮಾತು ತೆಗೆದಾಗ, ಮನೆಯಲ್ಲಿ ಸೊಸೆ ಇದ್ದೂ ತಾಯಿಯನ್ನು ಹೊರಗೆ ಹಾಕಿದರೆ ಊರಲ್ಲಿ ಮುಖ ತೋರಿಸಲಿಕ್ಕುಂಟಾ ಎಂದು ಫೋನಿನಲ್ಲಿ ಕಿರುಚಿದ್ದರು. ನಾನೂ ಅಂದೇ ಹೇಳಿದ್ದೆ, ನಾನಿರುವವರೆಗೆ ಅಮ್ಮ ಎಲ್ಲಿಗೂ ಹೋಗುವುದು ಬೇಡ ಎಂದು. ಆಗ ನೀವು ಸುಮ್ಮನಾಗಿದ್ದಿರಿ. ಒಪ್ಪಿದಿರಿ ಎಂದುಕೊಂಡಿದ್ದೆ.

ನಾನು ಅಂಬರನಾಥಕ್ಕೆ ಹೋಗಿದ್ದೆ. ನಿಮಗೆ ಗೊತ್ತಿಲ್ಲ. ಮೊದಲ ಸಲ ಗೇಟಿನ ಪುಸ್ತಕದಲ್ಲಿ ‘ಸೊಸೆ’ ಎಂದು ಬರೆದೆ. ವಾಚ್‌ಮನ್ ಒಳಗೆ ಕೇಳಿಬಂದು, ಸೊಸೆಯನ್ನು ಬಿಡುವುದು ಬೇಡ ಎಂದು ಮಗ ಬರೆಸಿಹೋಗಿದ್ದಾರೆ ಎಂದು ಹಿಂದೆ ಕಳುಹಿಸಿದ. ಎರಡು ತಿಂಗಳು ಬಿಟ್ಟು ಮತ್ತೆ ಹೋದೆ. ಅಷ್ಟರಲ್ಲಿ ವಾಚ್‌ಮನ್ ಬದಲಾಗಿದ್ದ. ‘ನೆರೆಮನೆಯವಳು’ ಎಂದು ಬರೆದೆ. ಬಿಟ್ಟರು. ಆಮೇಲೆ ಪ್ರತಿ ಗುರುವಾರ, ಸ್ಟುಡಿಯೋಗೆ ರಜೆಯಿರುವ ದಿನ, ಅಮ್ಮ ಸಾಯುವವರೆಗೂ ನೆರೆಮನೆಯವಳಾಗಿಯೇ ಹೋದೆ. ಅವರಿಗೆ ನನ್ನ ಗುರುತು ಹತ್ತುತ್ತಿರಲಿಲ್ಲ. ತಲೆ ಬಾಚುವಾಗ ಸುಮ್ಮನೆ ಕೂರುತ್ತಿದ್ದರು. ಅಲ್ಲಿನ ಮೇಡಂ ಒಮ್ಮೆ ಅಮ್ಮನ ಔಷಧಿಯ ಚೀಟಿ ಹುಡುಕಲು ಫೈಲು ತೆರೆದಾಗ ಮೇಲೆಯೇ ನಿಮ್ಮ ಅರ್ಜಿ ಇತ್ತು. ನಿಮ್ಮ ಸಹಿಯ ಕೆಳಗೆ ತಾರೀಖು: ಫೆಬ್ರವರಿ ಇಪ್ಪತ್ತೆಂಟು.

ಫೋಟೋ ಬಂದದ್ದು ಮಾರ್ಚ್ ಹದಿನಾಲ್ಕಕ್ಕೆ.

ಆಗಲೂ, ನಿಜವಾಗಿ ಹೇಳುತ್ತೇನೆ, ನಾನು ಪೂರ್ತಿ ಅರ್ಥ ಮಾಡಿಕೊಳ್ಳಲಿಲ್ಲ. ಮೊದಲೇ ಅರ್ಜಿ ಹಾಕಿಟ್ಟಿದ್ದರು, ಆಮೇಲೆ ಪ್ರಭಕ್ಕ ಹೀಗೆ ಮಾಡಿದರು, ಅದು ಇವರಿಗೆ ಅನುಕೂಲವಾಯಿತು ಎಂದುಕೊಂಡೆ. ಫೋಟೋ ಹಿಡಿದವರು ಪ್ರಭಕ್ಕ ಎಂದೇ ಮೂರು ವರ್ಷ ಅವರಿಗೆ ಶಾಪ ಹಾಕಿದ್ದೇನೆ. ಅವರೊಬ್ಬರ ಬಗ್ಗೆ ನಾನು ತಪ್ಪು ತಿಳಿದಿದ್ದೆ. ಪತ್ರ ಮುಗಿಸಿದ ಮೇಲೆ ಅವರಿಗೂ ಒಂದು ಸಾಲು ಬರೆಯಬೇಕು.

ಈ ತಿಂಗಳ ಮೊದಲ ವಾರ ನೀವು ಡೊಂಬಿವಲಿಯ ನಮ್ಮ ಹಳೆಯ ಮನೆ ಖಾಲಿ ಮಾಡಿದಿರಲ್ಲ, ಆ ದಿನ ಚಂದ್ರಬಾಯಿಯ ಫೋನು ಬಂತು. ಸಾಹೇಬರು ಹಳೆಯ ಕಂಪ್ಯೂಟರನ್ನು ಭಂಗಾರವಾಲಾನಿಗೆ, ಗುಜರಿಯವನಿಗೆ, ಕೊಡಲು ಹೇಳಿದ್ದಾರೆ, ಅದರಲ್ಲಿ ಬೇಬಿಯ ಚಿಕ್ಕಂದಿನ ಫೋಟೋಗಳಿಲ್ಲವಾ ತಾಯಿ ಎಂದು ಕೇಳಿದಳು. ನನಗೆ ಅದು ನೆನಪಾದದ್ದೇ ಆಗ. ಅನಘಳ ನಾಮಕರಣ, ಬಾಲವಾಡಿಯ ಗ್ಯಾದರಿಂಗು, ಎಲ್ಲ ಅದರಲ್ಲಿತ್ತು. ಅವಳು ಅದನ್ನು ಹಳೆಯ ಬೆಡ್‌ಶೀಟಿನಲ್ಲಿ ಕಟ್ಟಿ ರಿಕ್ಷಾದಲ್ಲಿ ತಂದುಕೊಟ್ಟಳು. ಮರುದಿನ ಠಾಣೆಗೆ ಒಯ್ದೆ. ಮುರಾರಿಯವರು ಧೂಳು ಒರೆಸಿ, ತಂತಿ ಸಿಕ್ಕಿಸಿ, ಚಾಲೂ ಮಾಡಿಕೊಟ್ಟು ಊಟಕ್ಕೆ ಹೋದರು.

ಮಗಳ ಫೋಟೋಗಳನ್ನು ನೋಡುತ್ತಾ ಕೂತಿದ್ದೆ. ಚಿತ್ರಗಳ ಫೋಲ್ಡರಿನ ಕೊನೆಯಲ್ಲಿ ಸಣ್ಣ ಸಣ್ಣ ಹನ್ನೊಂದು ಚಿತ್ರಗಳಿದ್ದವು. ನೀವು ಅವುಗಳನ್ನು ಅಲ್ಲಿ ಇಟ್ಟದ್ದಲ್ಲ. ವಿಡಿಯೋ ನೋಡುತ್ತಾ ಫ್ರೇಮು ಹಿಡಿದರೆ ಪ್ಲೇಯರು ತಾನಾಗಿಯೇ ತೆಗೆದುಕೊಂಡು ಹೋಗಿ ಅಲ್ಲಿ ಇಡುತ್ತದೆ, ತಾರೀಖು, ಗಂಟೆ, ನಿಮಿಷ ಸಮೇತ. ದಿನವೂ ಅದೇ ಕೆಲಸ ಮಾಡುವವಳಿಗೆ ಆ ಹೆಸರುಗಳ ಗುರುತು ಸಿಕ್ಕದೆ ಇರುತ್ತದೆಯೇ? ನಿಮಗೆ ಗೊತ್ತಿರಲಿಲ್ಲ, ಇಲ್ಲದಿದ್ದರೆ ಅಳಿಸುತ್ತಿದ್ದಿರಿ. ಮೊದಲನೆಯ ಚಿತ್ರ ಹಿಡಿದದ್ದು ಸಂಜೆ ಏಳೂ ಹನ್ನೆರಡಕ್ಕೆ, ಹನ್ನೊಂದನೆಯದು ಏಳೂ ಐವತ್ತೊಂದಕ್ಕೆ. ಮೂವತ್ತೊಂಬತ್ತು ನಿಮಿಷ. ಏಳೂವರೆಯ ಹೊತ್ತಿಗೆ ನಾನು ನಿಮಗೆ ಕಾಫಿ ತಂದುಕೊಟ್ಟಿದ್ದೆ. ಸಕ್ಕರೆ ಕಡಿಮೆಯಾಗಿದೆ ಎಂದಿರಿ, ಮತ್ತೆ ಒಂದು ಚಮಚ ತಂದು ಹಾಕಿದೆ. ಆಗ ಪರದೆಯ ಮೇಲೆ ನಿಮ್ಮ ಆಫೀಸಿನ ಯಾವುದೋ ಪಟ್ಟಿ ಇತ್ತು.

ಅದೇ ಕಂಪ್ಯೂಟರಿನಲ್ಲಿ ಇನ್ನೊಂದು ಕಡೆ ವಿಡಿಯೋವೂ ಇತ್ತು. ಕ್ಯಾಮೆರಾದ ಕಾರ್ಡಿನಿಂದ ಇಳಿಸಿಕೊಂಡದ್ದು, ನಾಲ್ಕು ನಿಮಿಷದ್ದು. ತನ್ನಷ್ಟಕ್ಕೆ ಅಳಿಸಿಹೋದದ್ದು.

ಅದನ್ನು ಹಾಕಿ ನೋಡಿದೆ. ಒಂದೊಂದೇ ಫ್ರೇಮು ಸರಿಸುತ್ತಾ ನೋಡಿದೆ. ನಮ್ಮ ಆ ಕ್ಯಾಮೆರಾದಲ್ಲಿ ಸೆಕೆಂಡಿಗೆ ಹದಿನೈದೇ ಫ್ರೇಮು. ನನ್ನ ಕೈ ಮೇಲೆ ಇದ್ದದ್ದು ಆರು ಫ್ರೇಮಿನಷ್ಟು ಹೊತ್ತು, ಅರ್ಧ ಸೆಕೆಂಡು ಕೂಡ ಅಲ್ಲ. ಐದರಲ್ಲಿ ಕೈ ಮಸುಕು. ಒಂದರಲ್ಲಿ ಮಾತ್ರ ಬೆರಳು ಎಣಿಸಬಹುದು. ನೀವು ಪ್ರಭಕ್ಕನಿಗೆ ಕಳುಹಿಸಿದ್ದು ಅದೇ. ನಿಮ್ಮ ಹನ್ನೊಂದರಲ್ಲಿ ಅದು ಏಳನೆಯದು. ಮೊದಲ ಆರರಲ್ಲಿ ಕೆಲವು ಮಸುಕು, ಕೆಲವುಗಳಲ್ಲಿ ಅಮ್ಮನ ಮುಖ ನನ್ನ ಹೆಗಲಿನ ಹಿಂದೆ. ಒಂದೊಂದನ್ನೇ ಹಿಡಿದು, ಸರಿಯಿಲ್ಲ ಎಂದು ಬಿಟ್ಟು, ಹಿಂದೆ ಹೋಗಿ, ಮತ್ತೆ ಮುಂದೆ ಬಂದು ಏಳನೆಯದನ್ನು ಹಿಡಿದಿರಿ. ನಾನು ಅಡುಗೆಮನೆಯಲ್ಲಿ ಅಲಸಂಡೆ ಹೆಚ್ಚುತ್ತಿದ್ದೆ.

ವಿಡಿಯೋದಲ್ಲಿ ಸ್ವರವೂ ಇದೆ. ನಾನು ‘ಉಗುಳಿ ಅಮ್ಮಾ’ ಎಂದು ಕೂಗುವುದು ಕೇಳುತ್ತದೆ. ಕಿವಿಗೆ ಇಯರ್‌ಫೋನು ಸಿಕ್ಕಿಸಿ ಕೂತಿದ್ದ ಆ ಮೂವತ್ತೊಂಬತ್ತು ನಿಮಿಷದಲ್ಲಿ ನೀವು ಅದನ್ನು ಎಷ್ಟು ಸಲ ಕೇಳಿರಬೇಕು? ಗುಳಿಗೆ ನೆಲಕ್ಕೆ ಬಿದ್ದು ಉರುಳುವುದೂ ಕಾಣುತ್ತದೆ. ಅದು ನಿಮ್ಮ ಒಂಬತ್ತನೆಯ ಚಿತ್ರದಲ್ಲಿದೆ. ಅದನ್ನು ಕೂಡ ಹಿಡಿದಿದ್ದೀರಿ! ಯಾಕೆ ಹಿಡಿದಿರಿ ಎಂದು ನಾನು ಬಹಳ ಯೋಚಿಸಿದೆ. ಆ ಹೊತ್ತಿಗೆ ನಿಮಗೂ ಎರಡು ಮನಸ್ಸು ಇದ್ದಿರಬೇಕು. ಇದನ್ನು ಕಳಿಸಲೋ ಅದನ್ನು ಕಳಿಸಲೋ ಎಂದು ಒಂದು ಕ್ಷಣವಾದರೂ ಕೈ ತಡೆದಿರಬೇಕು. ಹಾಗೆ ಅಂದುಕೊಂಡರೆ ನನಗೆ ಸಿಟ್ಟು ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ತಿಳಿಯದೆ ಮಾಡಿದವನಾದರೆ ಕ್ಷಮಿಸಬಹುದಿತ್ತು.

ಅಮ್ಮನನ್ನು ನೋಡಿಕೊಳ್ಳುವುದು ಕಷ್ಟವಾಗಿತ್ತು, ನನಗೂ ಆಗಿತ್ತು. ನನ್ನಿಂದ ಆಗುವುದಿಲ್ಲ ಎಂದು ನೀವು ಒಂದು ಮಾತು ಎಲ್ಲರ ಮುಂದೆ ಹೇಳಿದ್ದರೆ ಸಾಕಿತ್ತು. ನಾಲ್ಕು ದಿನ ಜನ ಆಡಿಕೊಳ್ಳುತ್ತಿದ್ದರು. ಅದನ್ನು ತಡೆಯಲಾರದೆ ನನ್ನನ್ನು ಮುಂದೆ ಹಿಡಿದಿರಿ. ಬೇರೆ ಹೆಂಗಸಿನ ಸಹವಾಸ ಮಾಡಿ ನನ್ನನ್ನು ಬಿಟ್ಟಿದ್ದರೂ ಇಷ್ಟು ಅವಮಾನವಾಗುತ್ತಿರಲಿಲ್ಲ. ನಿಮಗೆ ನಾನು ಬೇಡವಾಗಿರಲಿಲ್ಲ. ಒಳ್ಳೆಯ ಮಗ ಎಂಬ ಹೆಸರು ಬೇಕಾಗಿತ್ತು, ಅದಕ್ಕೆ ಕೈಗೆ ಸಿಕ್ಕಿದವಳು ನಾನು.

ಇದೆಲ್ಲ ತಿಳಿದ ಮೇಲೆ ಎರಡು ವಾರ ಯಾರಿಗೂ ಏನೂ ಹೇಳಲಿಲ್ಲ. ಕಲ್ಯಾಣ–ಠಾಣೆ ಲೋಕಲಿನಲ್ಲಿ ಹೋಗುವುದು, ಬರುವುದು, ಯಾರದೋ ಮದುವೆಯ ಆರತಿ ಅಕ್ಷತೆಗಳನ್ನು ಹಿಡಿಯುವುದು. ಆಮೇಲೆ ಶನಿವಾರ ಅನಘ ಬಂದು ಆಜಿಯ ಫೋಟೋ ಕೇಳಿದಳು.

ಅವಳನ್ನು ಕೂರಿಸಿ ವಿಡಿಯೋ ಹಾಕಿದೆ. ಮೊದಲ ಸಲ ನೋಡಿ ಅವಳು ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡಳು. “ಫಿರ್ ಸೇ” ಎಂದಳು. ಮತ್ತೆ ಹಾಕಿದೆ. ಮೂರನೆಯ ಸಲ ತಾನೇ ಮೌಸ್ ತೆಗೆದುಕೊಂಡು ನಿಲ್ಲಿಸಿ ನಿಲ್ಲಿಸಿ ನೋಡಿದಳು. ಹನ್ನೊಂದು ಚಿತ್ರಗಳನ್ನೂ ಅವುಗಳ ಹೊತ್ತನ್ನೂ ತೋರಿಸಿದೆ. “ಯೇ ಪಪ್ಪಾನೇ ಕಿಯಾ?” ಎಂದಳು. ಹೌದು ಎಂದು ತಲೆ ಆಡಿಸಿದೆ. ಅವಳು ಎದ್ದು ಹೋಗಿ ನಲ್ಲಿಯಲ್ಲಿ ಮುಖ ತೊಳೆದು ಬಂದು, ಮೂರೂವರೆ ವರ್ಷದಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದಳು. “ಅಮ್ಮಾ, ನೀನು ಅವತ್ತು ಯಾಕೆ ಸುಮ್ಮನೆ ಇದ್ದಿ? ಯಾಕೆ ಜಗಳ ಮಾಡಲಿಲ್ಲ? ನೀನು ಸುಮ್ಮನೆ ಹೋದದ್ದಕ್ಕೇ ನಾನು ನಂಬಿದ್ದು.”

ನಾನು ಅವಳಿಗೆ ಮುರಾರಿಯವರು ತಂದ ಚಹಾ ಕೊಟ್ಟೆ.

ಈಗಲೇ ಗುಂಪಿನಲ್ಲಿ ಹಾಕುತ್ತೇನೆ ಎಂದು ಅವಳು ಫೋನು ತೆಗೆದಳು. ನಾನು ತಡೆದೆ. ಅದು ಅವಳ ಕೆಲಸವಲ್ಲ. ನನ್ನ ಕೆಲಸವೂ ಅಲ್ಲ, ನನ್ನನ್ನು ಗುಂಪಿನಿಂದ ತೆಗೆದುಹಾಕಿ ಯಾವ ಕಾಲವಾಯಿತು. ಅದು ನಿಮ್ಮ ಕೆಲಸ. ಈ ಪತ್ರದ ಜೊತೆ ಇಟ್ಟಿರುವ ಪೆನ್‌ಡ್ರೈವಿನಲ್ಲಿ ನಾಲ್ಕು ನಿಮಿಷದ ವಿಡಿಯೋ ಪೂರ್ತಿ ಇದೆ, ಹನ್ನೊಂದು ಚಿತ್ರಗಳೂ ಇವೆ. ವರ್ಷಾಂತದ ದಿನ ಎಲ್ಲರೂ ಐರೋಲಿಗೆ ಊಟಕ್ಕೆ ಬರುತ್ತಾರಲ್ಲ, ಆ ದಿನದೊಳಗೆ ನೀವೇ ನಿಮ್ಮ ಕೈಯಾರೆ ಅರವತ್ತಮೂರು ಜನರಿಗೂ ಕಳುಹಿಸಬೇಕು. ಮೂರು ಸಾಲು ಬರೆದರೂ ಸಾಕು. ಬರೆಯದಿದ್ದರೆ ನಾನು ಪೊಲೀಸರ ಹತ್ತಿರ ಹೋಗುವವಳಲ್ಲ, ಕೋರ್ಟಿಗೆ ಹೋಗುವವಳಲ್ಲ. ಆದರೆ ಮಗಳು ನಿಮ್ಮ ಮನೆಯಲ್ಲೇ ಇದ್ದಾಳೆ, ದಿನವೂ ನಿಮ್ಮ ಮುಖ ನೋಡುತ್ತಾಳೆ.

ಇನ್ನು ಲಕೋಟೆ ತೆರೆಯಿರಿ.

ನೀವು ಕೇಳಿದ ಫೋಟೋ ಅದು. ಮದುವೆ ವಿಡಿಯೋಗಳಲ್ಲಿ ಹುಡುಕಿದೆ, ಎಲ್ಲದರಲ್ಲೂ ಅಮ್ಮ ಯಾರದೋ ಬೆನ್ನಿನ ಹಿಂದೆ, ಕೈಯಲ್ಲಿ ತಟ್ಟೆಯೋ ಚೊಂಬೋ. ಅವರ ಮುಖ ಅವರದೇ ಮುಖವಾಗಿ ಕಾಣುವುದು ಇದೊಂದರಲ್ಲೇ. ಇದು ನಿಮ್ಮ ಹನ್ನೊಂದನೆಯ ಚಿತ್ರದ ಜಾಗ. ಆದರೆ ನೀವು ಹಿಡಿದದ್ದರಲ್ಲಿ ರೆಪ್ಪೆ ಮುಚ್ಚಿತ್ತು, ನಾನು ನಾಲ್ಕು ಫ್ರೇಮು ಮುಂದಿನದನ್ನು ತೆಗೆದುಕೊಂಡೆ. ಗುಳಿಗೆ ಹೊರಬಿದ್ದ ಮೇಲೆ ನಾನು ಅವರ ಕಾಲ ಬಳಿ ಕೂತು ಅಳುತ್ತಿದ್ದೇನೆ. ಅವರು ಬಾಗಿ ನನ್ನ ತಲೆಯ ಮೇಲೆ ಕೈ ಇಟ್ಟಿದ್ದಾರೆ. ಅಳಬೇಡ ಮಗು ಎಂದು, “ಬುಲಿಪಡ ಬಾಲೆ” ಎಂದು, ನಮ್ಮ ತುಳುವಿನಲ್ಲಿ ಹೇಳುತ್ತಿರುವುದು ವಿಡಿಯೋದಲ್ಲಿ ಕೇಳುತ್ತದೆ. ನಾನು ಯಾರೆಂದು ಅವರಿಗೆ ಆಗ ಗೊತ್ತಿತ್ತೋ ಇಲ್ಲವೋ, ಕೈ ಮಾತ್ರ ಇಟ್ಟರು.

ಮಸುಕನ್ನು ತೆಗೆದು, ಬೆಳಕು ಸರಿಮಾಡಿ, ದೊಡ್ಡದು ಮಾಡಿದ್ದೇನೆ. ಕಟ್ಟು ಹಾಕಿಸಿಕೊಳ್ಳಿ. ನನ್ನನ್ನು ಕತ್ತರಿಸಿ ತೆಗೆಯೋಣ ಎಂದು ಪ್ರಭಕ್ಕ ಹೇಳಬಹುದು. ಪ್ರಯತ್ನಿಸಿ ನೋಡಿ. ನನ್ನ ತಲೆ ತೆಗೆದರೆ ಅಮ್ಮನ ಕೈ ಮೊಣಕೈಯವರೆಗೆ ಹೋಗುತ್ತದೆ.

ಆರೋಗ್ಯ ನೋಡಿಕೊಳ್ಳಿ ಎಂದು ಬರೆಯುವುದು ಪದ್ಧತಿ. ಬರೆದಿದ್ದೇನೆ ಎಂದು ತಿಳಿದುಕೊಳ್ಳಿ.

ಅನಘಳ ತಾಯಿ,
ಪ್ರಿಯಂವದಾ

ತಾ.ಕ.: ಪತ್ರ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ಅನಘ ಕೇಳಿದ ಪ್ರಶ್ನೆಗೆ ಉತ್ತರ ಇದು. ಆ ಮಾರ್ಚಿನ ಹಿಂದಿನ ಡಿಸೆಂಬರಿನಲ್ಲಿ ನಾನು ಅಮ್ಮನಿಗೆ ಹೊಡೆದಿದ್ದೇನೆ. ಬಚ್ಚಲಲ್ಲಿ. ಮೂರನೆಯ ಸಲ ಮೈಮೇಲೆ ಮಾಡಿಕೊಂಡು, ಅದನ್ನೇ ತೆಗೆದು ಗೋಡೆಗೆ ಬಳಿಯುತ್ತಿದ್ದರು. ಕೆನ್ನೆಗೆ ಹೊಡೆದೆ, ಜೋರಾಗಿಯೇ. ಅವರು ಅಳಲಿಲ್ಲ. ನನ್ನನ್ನು ನೋಡಿ, ನಿನ್ನದು ಊಟ ಆಯಿತಾ ಎಂದು ಕೇಳಿದರು. ಅವರನ್ನು ಎಲ್ಲಿಗೂ ಕಳುಹಿಸುವುದು ಬೇಡ ಎಂದು ಜನವರಿಯಲ್ಲಿ ನಾನು ಹಟ ಹಿಡಿದದ್ದು ಆ ಕಾರಣಕ್ಕೆ, ನಿಮ್ಮ ಕುಟುಂಬದ ಮಾನಕ್ಕಲ್ಲ. ಆ ಫೋಟೋ ಬಂದ ದಿನ ಬಾಯಿ ಬರದೆ ಹೋದದ್ದೂ ಅದೇ ಕಾರಣಕ್ಕೆ. ಯಾರೂ ನೋಡದೆ ಇದ್ದದ್ದಕ್ಕೆ ಶಿಕ್ಷೆ ಬಂತು ಎಂದುಕೊಂಡೆ. ‘ಅಮ್ಮನ ಮೇಲೆ ಕೈ ಮಾಡಿದ್ದುಂಟಾ?’ ಎಂದು ನೀವು ಒಂದ್ಸಲ ನನ್ನನ್ನು ಕೇಳಿದ್ದರೆ, ಹೌದು ಎನ್ನುತ್ತಿದ್ದೆ. ನೀವು ಕೇಳಲಿಲ್ಲ. ಇದನ್ನು ಅನಘಳಿಗೆ ಇನ್ನೂ ಹೇಳಿಲ್ಲ. ಮುಂದಿನ ಭಾನುವಾರ ಬರುತ್ತೇನೆ, ನೀರುದೋಸೆ ಮಾಡು ಎಂದಿದ್ದಾಳೆ. ನೀವು ಈ ಕಾಗದವನ್ನು ಅವಳಿಗೆ ತೋರಿಸುವ ಮೊದಲು ನಾನೇ ಹೇಳುತ್ತೇನೆ, ತಿಂದಾದ ಮೇಲೆ. ಆಮೇಲೆ ಅವಳು ಮತ್ತೆ ಬರುತ್ತಾಳೋ ಇಲ್ಲವೋ ಗೊತ್ತಿಲ್ಲ.